ಕ್ಯಾರೊಲಿನ್ ಕಾರಿನ ಹಿಂದೆ ನಿಂತ ಕೆಂಪು ಕಾರು

ಕ್ಯಾರೊಲಿನ್ ಡಿಮೆಲ್ಲೊ ರಿಯಾದ್‌ನ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ನರ್ಸ್. ಊರು ಉಡುಪಿ ಹತ್ತಿರದ ಮೂಡುಬೆಳ್ಳೆ. ಮದುವೆಗೆ ಮೊದಲೇ ಸೌದಿಗೆ ಬಂದವಳು ಬಹುಕಾಲ ಆಸ್ಪತ್ರೆಯ ಬಸ್ಸಿನಲ್ಲೇ ಓಡಾಡಿದಳು. ಹೆಂಗಸರೂ ಗಾಡಿ ಓಡಿಸಬಹುದು ಎಂದು ಕಾನೂನು ಬದಲಾದಾಗ ವಾರ್ಡಿನಲ್ಲಿ ಎಲ್ಲರೂ ಅದನ್ನೇ ಮಾತಾಡುತ್ತಿದ್ದರು. ಕ್ಯಾರೊಲಿನ್‌ಗೆ ಮಾತ್ರ ಅದು ಬೇರೆ ಯಾರದೋ ಸುದ್ದಿಯಂತೆ ಕೇಳಿಸಿತ್ತು. ಗಂಡ ನೆಲ್ಸನ್ ಇದ್ದ, ಅವನ ಬಿಳಿ ಕಾರಿತ್ತು, ಶುಕ್ರವಾರ ಸಾಮಾನು ತರಲು ಅಷ್ಟು ಸಾಕಿತ್ತು.

ಆಮೇಲೆ ಕಂಪನಿ ನೆಲ್ಸನ್‌ನನ್ನು ಉತ್ತರದ ಸಮುದ್ರತೀರದ ಸೈಟಿಗೆ ಕಳಿಸಿತು. ಅವನು ತಿಂಗಳಿಗೊಮ್ಮೆ ಬಂದರೆ ಬಂದ. ಕಾರು ಬೀದಿಯಲ್ಲಿ ಮಣ್ಣು ಹಿಡಿದು ನಿಂತಿತು. ಕೆಳಗಿನ ಮನೆಯ ನಸೀಬಾ ಒಂದು ದಿನ ಮೆಟ್ಟಿಲಲ್ಲಿ ಸಿಕ್ಕಿ, "ಗಾಡಿ ಹೀಗೆ ನಿಂತರೆ ಬ್ಯಾಟರಿ ಸಾಯ್ತದೆ ಕ್ಯಾರೊಲಿನಕ್ಕ. ಒಂದೋ ಮಾರಿ, ಇಲ್ಲವೋ ಓಡಿಸಿ" ಅಂದಳು. ನಸೀಬಾ ಉಪ್ಪಿನಂಗಡಿಯವಳು, ಮನೆಮಾತು ಬ್ಯಾರಿ. ಕ್ಯಾರೊಲಿನ್‌ಳದ್ದು ಕೊಂಕಣಿ. ಇಬ್ಬರ ನಡುವೆ ಓಡಾಡುತ್ತಿದ್ದುದು ಕನ್ನಡ.

ಮಾರುವುದೋ ಓಡಿಸುವುದೋ ಎಂದು ಯೋಚಿಸುತ್ತ ಕ್ಯಾರೊಲಿನ್ ಡ್ರೈವಿಂಗ್ ಶಾಲೆ ಹೇಗಿರುತ್ತದೆ ಎಂದು ನೋಡಲು ಹೋದಳು. ನೋಡಲು ಹೋದವಳು ಹೆಸರು ಬರೆಸಿ ಬಂದಳು. ಅವಳ ಸ್ವಭಾವವೇ ಹಾಗೆ. ಏನಾದರೂ ಕಣ್ಣಿಗೆ ಬಿದ್ದರೆ ಅದೇನೆಂದು ತಿಳಿಯದೆ ಮುಂದೆ ಹೋಗುವವಳಲ್ಲ. "ನಿನ್ನ ಮೂಗು ನಿನಗಿಂತ ಮೊದಲು ಮನೆ ಬಿಡ್ತದೆ" ಎಂದು ಅವಳ ತಾಯಿ ಹೇಳುತ್ತಿದ್ದುದುಂಟು.

ಲೈಸೆನ್ಸ್ ಸಿಕ್ಕಿತು. ಓಡಿಸುವುದು ಬೇಗ ಕೈಗೆ ಹತ್ತಿತು. ಗಾಡಿ ಇಟ್ಟುಕೊಳ್ಳುವ ತಾಪತ್ರಯವೇ ಬೇರೆ ಎಂದು ಗೊತ್ತಾದದ್ದು ಆಮೇಲೆ. ಬೇಸಿಗೆಯಲ್ಲಿ ಸ್ಟೇರಿಂಗ್ ಕಾದ ಕಾವಲಿಯ ಹಾಗೆ. ಹಳೆಯ ಅಡುಗೆಬಟ್ಟೆ ಸುತ್ತಿಯೇ ಹಿಡಿಯಬೇಕು. ಬಣ್ಣ ಬಳಿಯದ ರಸ್ತೆ ಉಬ್ಬುಗಳು ಗಾಡಿಯ ಹೊಟ್ಟೆಗೆ ತಾಗಿದ ಮೇಲೆಯೇ ಕಾಣುತ್ತವೆ. ರಿಂಗ್ ರೋಡಿನಲ್ಲಿ ಇಳಿಯಬೇಕಾದ ಎಕ್ಸಿಟ್ ಒಮ್ಮೆ ತಪ್ಪಿತೆಂದರೆ ಊರೆಲ್ಲ ಸುತ್ತಿ ಬರಬೇಕು. ಹಿಂದಿನಿಂದ ಬಂದವನು ಹೆಡ್‌ಲೈಟ್ ಮಿನುಗಿಸುತ್ತ ಬಂಪರಿಗೆ ಮೂಗು ತಾಗಿಸುತ್ತಾನೆ. ಇವೆಲ್ಲವನ್ನೂ ಅವಳು ಸಹಿಸಿಕೊಂಡಳು. ಸಹಿಸಲು ಆಗದೆ ಹೋದದ್ದು ಪಾರ್ಕಿಂಗ್.

ಅವರಿದ್ದ ಮಲಜ್ ಹಳೆಯ ಬಡಾವಣೆ. ಅಲ್ಲಿ ಕಟ್ಟಡಗಳು ಎದ್ದ ಕಾಲದಲ್ಲಿ ಬೀದಿಗೆ ನಾಲ್ಕು ಕಾರು ಇದ್ದರೆ ಹೆಚ್ಚು. ಈಗ ಮನೆಮನೆಗೂ ಕಾರು, ಬೀದಿ ಮಾತ್ರ ಅಷ್ಟೇ. ಜಾಗ ಸಿಗದವರು ನಿಂತ ಕಾರಿನ ಹಿಂದೆಯೇ ತಮ್ಮದನ್ನು ಅಡ್ಡ ನಿಲ್ಲಿಸಿ, ಗಾಜಿನ ಒಳಗೆ ತಮ್ಮ ಫೋನ್ ನಂಬರ್ ಬರೆದಿಟ್ಟು ಹೋಗುತ್ತಾರೆ. ಒಳಗೆ ಸಿಕ್ಕಿಬಿದ್ದವರು ಫೋನ್ ಮಾಡಬೇಕು, ಕಾಯಬೇಕು.

ಒಂದು ರಾತ್ರಿ ಧೂಳುಗಾಳಿ ಬೀಸಿ ನಿಂತಿತ್ತು. ಮರುದಿನ ಬೆಳಿಗ್ಗೆ ಕ್ಯಾರೊಲಿನ್ ಒದ್ದೆ ಬಟ್ಟೆ ಹಿಡಿದು ಗಾಜು ಒರೆಸಲು ಹೋದಾಗ ಅವಳ ಕಾರಿನ ಹಿಂದೆ ಒಂದು ಸಣ್ಣ ಕೆಂಪು ಕಾರು ಅಡ್ಡ ನಿಂತಿತ್ತು. ಹಾರ್ನ್ ಹೊಡೆದಳು. ಯಾರೂ ಬರಲಿಲ್ಲ. ಗಾಜಿನೊಳಗಿದ್ದ ನಂಬರಿಗೆ ಫೋನ್ ಮಾಡಿದಳು. ಎತ್ತಿದ್ದು ಹೆಂಗಸಿನ ದನಿ, ವಯಸ್ಸಾದ ದನಿ.

ಕ್ಯಾರೊಲಿನ್‌ಳ ಅರಬಿಯೆಲ್ಲ ವಾರ್ಡಿನಲ್ಲಿ ಕಲಿತದ್ದು. ಎಲ್ಲಿ ನೋಯುತ್ತದೆ, ನೀರು ಎಷ್ಟು ಕುಡಿದಿರಿ, ಹೆದರಬೇಡಿ, ಇಷ್ಟರಲ್ಲಿ ಅವಳ ದಿನ ಕಳೆಯುತ್ತಿತ್ತು. ಗಾಡಿ ತೆಗೆಯಿರಿ ಎನ್ನಲು ಅವಸರದಲ್ಲಿ ಮಾತು ಹುಡುಕಿದಳು. ಬಾಯಿಗೆ ಬಂದದ್ದು ಸೂಜಿ ಚುಚ್ಚುವಾಗ ದಿನವೂ ಹೇಳುವ ಮಾತು: "ಲಾ ತತಹರ್ರಕ್." ಅಲುಗಾಡಬೇಡಿ ಎಂದು ಅದರ ಅರ್ಥ.

ಆ ಕಡೆ ಹೆಂಗಸು ನಕ್ಕ ನಗುವಿಗೆ ಕ್ಯಾರೊಲಿನ್ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು.

"ಗಾಡಿ ಅಲುಗಾಡಬಾರದೋ, ನಾನು ಅಲುಗಾಡಬಾರದೋ?"

"ಗಾಡಿ... ಗಾಡಿ ಹೋಗಬೇಕು. ನಾನು ಆಸ್ಪತ್ರೆಯ ಸಿಸ್ಟರ್. ತಡವಾಗ್ತಿದೆ."

"ಒಂದು ನಿಮಿಷ, ಸಿಸ್ಟರ್."

ಎದುರು ಕಟ್ಟಡದ ಕಾವಲುಗಾರ ಶರೀಫ್ ಬೀಗದ ಕೈ ಹಿಡಿದುಕೊಂಡು ಓಡಿಬಂದು ಕೆಂಪು ಕಾರನ್ನು ತೆಗೆದ. ಅವನು ಬಿಹಾರದವನು, ಬೀದಿಯವರೆಲ್ಲ ಅವನನ್ನು ಹಾರಿಸ್ ಎಂದೇ ಕರೆಯುತ್ತಿದ್ದರು, ಕಾವಲುಗಾರ ಎನ್ನುವುದಕ್ಕೆ ಅಲ್ಲಿನ ಮಾತು ಅದು.

ಮರುದಿನವೂ ಕೆಂಪು ಕಾರು ಅಲ್ಲೇ ಇತ್ತು. ಅದರ ಮರುದಿನವೂ. ಬೀದಿಯಲ್ಲಿ ಅಷ್ಟೊಂದು ಕಾರುಗಳಿದ್ದರೂ ಅದು ತನ್ನ ಕಾರಿನ ಹಿಂದೆಯೇ ಏಕೆ ಬಂದು ನಿಲ್ಲುತ್ತದೆ ಎಂದು ಕ್ಯಾರೊಲಿನ್‌ಗೆ ಸಿಟ್ಟೂ ಬಂತು, ಕುತೂಹಲವೂ ಆಯಿತು. ಒಂದು ಬೆಳಿಗ್ಗೆ ಬಗ್ಗಿ ನೋಡಿದಳು. ಸೀಟುಗಳ ಮೇಲೆ ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಹಾಗೆಯೇ ಇದೆ. ಟಯರಿನ ಮೇಲೆ ಹೊಸತರಲ್ಲಿ ಇರುವ ರಬ್ಬರ್ ಕೂದಲುಗಳೂ ಸವೆದಿಲ್ಲ. ಬಣ್ಣ ಮಾತ್ರ ಬಿಸಿಲಿಗೆ ಮಾಸಿದೆ. ಒಂದು ಬಾಗಿಲಲ್ಲಿ ಹಳೆಯ ತರಚು ಗಾಯ.

ನಸೀಬಾಳ ಹತ್ತಿರ ಹೇಳಿದಳು. "ಹೊಸತೂ ಅಲ್ಲ, ಓಡಿದ್ದೂ ಅಲ್ಲ. ಎಂತ ಗಾಡಿ ಅದು?"

"ನಿಮಗೆ ಎಂತಕ್ಕೆ? ತೆಗೆದರೆ ಆಯ್ತಲ್ಲ."

"ಗಾಡಿ ತೆಗೆಯುವುದು ಹಾರಿಸ್. ಫೋನ್ ಎತ್ತುವುದು ಅಜ್ಜಿ. ಓಡಿಸುವುದು ಯಾರು?"

"ನೀವು ಒಮ್ಮೆ ಶುರು ಮಾಡಿದರೆ ಬಿಡುವವರಲ್ಲ" ಎಂದು ನಸೀಬಾ ಚಹಾ ಇಡಲು ಎದ್ದಳು.

ಫೋನಿನ ಮಾತು ದಿನದಿಂದ ದಿನಕ್ಕೆ ಉದ್ದವಾಯಿತು. ಗಾಡಿ ತೆಗೆಸುತ್ತೇನೆ ಎಂದಷ್ಟೇ ಹೇಳುತ್ತಿದ್ದ ಆ ಹೆಂಗಸು ಈಗ ಪ್ರಶ್ನೆ ಕೇಳತೊಡಗಿದರು. ಯಾವ ದಾರಿಯಲ್ಲಿ ಹೋಗುತ್ತೀ? ಲಾರಿಗಳು ಹತ್ತಿರ ಬಂದರೆ ಏನು ಮಾಡುತ್ತೀ? ನಿನ್ನೆ ಹಿಂದಕ್ಕೆ ತೆಗೆಯುವಾಗ ಎರಡು ಸಲ ನಿಲ್ಲಿಸಿದೆಯಲ್ಲ, ಯಾಕೆ? ಕ್ಯಾರೊಲಿನ್ ತಲೆ ಎತ್ತಿ ಎದುರು ಕಟ್ಟಡದ ಕಿಟಕಿಗಳನ್ನು ನೋಡಿದಳು. ಎಲ್ಲದರಲ್ಲೂ ಪರದೆ. ತಮ್ಮನ್ನು ಉಮ್ಮ್ ಮುಸ್‌ಅಬ್ ಎಂದು ಕರೆಯಬೇಕು ಎಂದು ಅವರು ಹೇಳಿದರು. ಮುಸ್‌ಅಬ್‌ನ ತಾಯಿ ಎಂದರ್ಥ. ಅಲ್ಲಿನ ಹಿರಿಯ ಹೆಂಗಸರನ್ನು ಹಿರಿಯ ಮಗನ ಹೆಸರು ಹಿಡಿದೇ ಕರೆಯುವುದು. ಕ್ಯಾರೊಲಿನ್ ವಾರ್ಡಿನ ವಾಡಿಕೆಯಂತೆ ಖಾಲಾ ಎಂದಳು, ಚಿಕ್ಕಮ್ಮ ಎನ್ನುವ ಹಾಗೆ.

ಹೀಗಿರುವಾಗ ಒಂದು ಬೆಳಿಗ್ಗೆ ಫೋನ್ ಯಾರೂ ಎತ್ತಲಿಲ್ಲ. ಶರೀಫ್ ಕಾಣಿಸಲಿಲ್ಲ. ಟ್ಯಾಕ್ಸಿ ಸಿಗಲು ಹೊತ್ತಾಯಿತು. ಕ್ಯಾರೊಲಿನ್ ವಾರ್ಡಿಗೆ ಮುಟ್ಟುವಾಗ ಅವಳ ರೋಗಿ, ವಾರಕ್ಕೆ ಮೂರು ಸಲ ಬರುವ ಮುದುಕ, ಕುರ್ಚಿಯಲ್ಲಿ ಕಾಲು ಊದಿಸಿಕೊಂಡು ಕೂತಿದ್ದ. ಅವಳನ್ನು ಕಂಡದ್ದೇ ಸೂಜಿಗೆ ತಾನಾಗಿ ತೋಳು ಚಾಚಿದ. ಅದೇ ಅವಳನ್ನು ಹೆಚ್ಚು ಕುಟುಕಿತು. ಬಿಡುವಾದ ಕೂಡಲೇ ಮತ್ತೆ ಆ ನಂಬರಿಗೆ ಫೋನ್ ಮಾಡಿದಳು.

"ಖಾಲಾ, ನಿಮಗೆ ಇದು ಆಟ. ನನಗೆ ಇಲ್ಲಿ ರೋಗಿ ಕಾಯುತ್ತಾರೆ. ನಾಳೆಯಿಂದ ನಿಮ್ಮ ಗಾಡಿ ನನ್ನ ಗಾಡಿಯ ಹಿಂದೆ ಬೇಡ."

ಅರಬಿ ಸರಿಯಿತ್ತೋ ಇಲ್ಲವೋ, ದನಿಯಲ್ಲಿ ಎಲ್ಲವೂ ಇತ್ತು. ಆ ಕಡೆಯಿಂದ, "ತಪ್ಪಾಯಿತು" ಎಂದಷ್ಟೇ ಬಂತು.

ಮರುದಿನದಿಂದ ಅವಳ ಕಾರಿನ ಹಿಂದೆ ಜಾಗ ಖಾಲಿ. ಕೆಂಪು ಕಾರು ಬೀದಿಯ ತುದಿಯಲ್ಲಿ ಬೇವಿನ ಮರದಡಿ ನಿಂತಿರುತ್ತಿತ್ತು. ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಮುಟ್ಟುವಂತಾಯಿತು. ಆದರೂ ಬೆಳಿಗ್ಗೆ ಹೊರಡುವಾಗ ಅವಳ ಕಣ್ಣು ಎದುರಿನ ಪರದೆಗಳ ಕಡೆಗೆ ತಾನಾಗಿ ಹೋಗುತ್ತಿತ್ತು. ಅಷ್ಟು ಕಟುವಾಗಿ ಮಾತಾಡಬಾರದಿತ್ತೇನೋ ಅನಿಸುತ್ತಿತ್ತು. ಫೋನ್ ಮಾಡಲು ಈಗ ನೆಪವೂ ಇರಲಿಲ್ಲ.

ಆಗಸ್ಟ್ ಬಂತು. ಆ ತಿಂಗಳ ಬಿಸಿಲಿಗೆ ಅಲ್ಲಿ ಮನುಷ್ಯರಿಗಿಂತ ಮೊದಲು ಬ್ಯಾಟರಿಗಳು ಸಾಯುತ್ತವೆ. ಒಂದು ಬೆಳಿಗ್ಗೆ ಕೀಲಿ ತಿರುಗಿಸಿದರೆ ಟಿಕ್ ಎಂದು ಸದ್ದಾಯಿತೇ ಹೊರತು ಇಂಜಿನ್ ಏಳಲಿಲ್ಲ. ಕ್ಯಾರೊಲಿನ್ ಇಳಿದು ಬಾನೆಟ್ ತೆರೆದು ನೋಡಿದಳು. ನೋಡಿದರೆ ಸರಿಯಾಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಆಗ ಫೋನ್ ರಿಂಗಾಯಿತು.

"ಗಾಡಿ ಯಾಕೆ ಬಾಯಿ ತೆರೆದಿದೆ, ಸಿಸ್ಟರ್?"

"ಖಾಲಾ, ಬ್ಯಾಟರಿ ಸತ್ತಿದೆ."

"ಅಲ್ಲೇ ಇರು. ನನ್ನ ಗಾಡಿಯಲ್ಲಿ ಹೋಗುವ."

ಸ್ವಲ್ಪ ಹೊತ್ತಿನಲ್ಲಿ ಎದುರು ಕಟ್ಟಡದಿಂದ ಕಪ್ಪು ಅಬಾಯಾ ತೊಟ್ಟ ಗಿಡ್ಡ ಹೆಂಗಸೊಬ್ಬರು ಇಳಿದು ಬಂದರು. ಮುಖದ ಮೇಲೆ ನಿಖಾಬ್. ಕಂಡದ್ದು ಕಣ್ಣು ಮಾತ್ರ, ಸಣ್ಣ ಚುರುಕು ಕಣ್ಣು. ಬೀಗದ ಕೈಯನ್ನು ಕ್ಯಾರೊಲಿನ್ ಕೈಗೆ ಕೊಟ್ಟು ತಾವು ಪಕ್ಕದ ಸೀಟಿನಲ್ಲಿ ಕೂತರು. ಪರವಾನಗಿ ಬರೆಸದೆ ಬೇರೆಯವರ ಗಾಡಿ ಒಬ್ಬಳೇ ಓಡಿಸುವ ಹಾಗಿಲ್ಲ. ಯಜಮಾನಿ ಜೊತೆಗೆ ಕೂತರೆ ತೊಂದರೆಯಿಲ್ಲ. ಪ್ಲಾಸ್ಟಿಕ್ ಮೇಲೆ ಇಬ್ಬರೂ ಜಾರುತ್ತ ಹೊರಟರು.

ದಾರಿಯಲ್ಲಿ ಕ್ಯಾರೊಲಿನ್ ಕೇಳಿಯೇಬಿಟ್ಟಳು. "ಈ ಗಾಡಿ ಯಾರದು, ಖಾಲಾ?"

"ನನ್ನದು. ಲೈಸೆನ್ಸೂ ಇದೆ." ಉಮ್ಮ್ ಮುಸ್‌ಅಬ್ ಚೀಲದಿಂದ ಅದನ್ನು ತೆಗೆದು ತೋರಿಸಿದರು. "ಕೊಡುತ್ತಾರೆ ಎಂದ ಮೊದಲ ವರ್ಷವೇ ತೆಗೆದುಕೊಂಡೆ. ಮಗ ಪಕ್ಕದಲ್ಲಿ ಕೂತ. ನಮ್ಮ ಬೀದಿ ತಿರುವಿನಲ್ಲಿ ಗೋಡೆಗೆ ಬಾಗಿಲು ತಾಗಿತು. ಸಾಕಮ್ಮ ಎಂದ. ನನಗೂ ಹೆದರಿಕೆಯಾಯಿತು. ಬೆಳಿಗ್ಗೆ ನಮಾಜಿನ ನಂತರ ಶರೀಫ್ ಒಂದು ಸುತ್ತು ಓಡಿಸುತ್ತಾನೆ, ಬ್ಯಾಟರಿ ಸಾಯಬಾರದೆಂದು. ತಿರುಗಿ ಬರುವಷ್ಟರಲ್ಲಿ ಜಾಗ ಹೋಗಿರುತ್ತದೆ."

"ನನ್ನ ಗಾಡಿಯ ಹಿಂದೆಯೇ ಯಾಕೆ?"

ಅವರು ರಸ್ತೆಯನ್ನೇ ನೋಡುತ್ತಿದ್ದರು. "ಮೊದಲ ದಿನ ಹಾಗೇ ನಿಲ್ಲಿಸಿದ್ದ. ಆಮೇಲೆ ನಾನೇ ಹೇಳಿದೆ, ಅಲ್ಲೇ ನಿಲ್ಲಿಸು ಎಂದು. ಗಂಡಸರು ಫೋನಿನಲ್ಲಿ ಬೈಯುತ್ತಾರೆ. ನೀನು ಅಲುಗಾಡಬೇಡಿ ಅಂದೆ." ಚೀಲವನ್ನು ಮಡಿಲಿಗೆ ಎಳೆದುಕೊಂಡು, "ನೀನು ಹಿಂದಕ್ಕೆ ತೆಗೆಯುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಹೇಗೆ ಮಾಡುತ್ತಾಳೆ ಎಂದು ಕಲಿಯುತ್ತಿದ್ದೆ" ಎಂದರು.

ಕ್ಯಾರೊಲಿನ್‌ಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಎಕ್ಸಿಟ್ ಬಂದಿತ್ತು, ಅದರ ಮೇಲೆ ಗಮನವಿಟ್ಟಳು.

ಆಸ್ಪತ್ರೆಯ ಗೇಟಿನಲ್ಲಿ ಇಳಿದು, ಗಾಡಿ ಒಯ್ಯಲು ಶರೀಫ್‌ಗೆ ಟ್ಯಾಕ್ಸಿಯಲ್ಲಿ ಬರಲು ಹೇಳಲೇ ಎಂದು ಕೇಳಿದಳು. ಅಷ್ಟರಲ್ಲಿ ಉಮ್ಮ್ ಮುಸ್‌ಅಬ್ ಈ ಕಡೆ ಸುತ್ತಿ ಬಂದು ಸ್ಟೇರಿಂಗ್ ಹಿಂದೆ ಕೂತು ಸೀಟನ್ನು ಮುಂದಕ್ಕೆಳೆದುಕೊಳ್ಳುತ್ತಿದ್ದರು.

"ಖಾಲಾ, ಬೇಡ."

"ಬಂದ ದಾರಿಯೇ ಅಲ್ಲವೇ? ನೋಡಿದ್ದೇನೆ."

"ರಿಂಗ್ ರೋಡಿನಲ್ಲಿ ಬಲಗಡೆಯ ಸಾಲನ್ನು ಬಿಡಬೇಡಿ. ಮನೆ ಮುಟ್ಟಿ ಫೋನ್ ಮಾಡಿ."

ಕೆಂಪು ಕಾರು ಒಮ್ಮೆ ಜರ್ಕು ಹೊಡೆದು, ನಿಂತು, ಮತ್ತೆ ಹೊರಟು ಗೇಟಿನಾಚೆ ಮರೆಯಾಯಿತು.

ಕ್ಯಾರೊಲಿನ್ ಆ ದಿನ ಕೆಲಸದ ನಡುವೆ ಎಷ್ಟು ಸಲ ಫೋನ್ ನೋಡಿದಳೋ. ಮೊದಲ ಪಾಳಿಯ ರೋಗಿಗಳ ಯಂತ್ರಗಳು ಇನ್ನೂ ತಿರುಗುತ್ತಿದ್ದಾಗ ಕರೆ ಬಂತು. ಕೈಗವಸು ಕಳಚಿ ಕಾರಿಡಾರಿಗೆ ಓಡಿದಳು.

"ಸಿಸ್ಟರ್, ಕಟ್ಟಡಗಳು ಮುಗಿದವು."

"ಮುಗಿದವು ಅಂದರೆ? ಎಲ್ಲಿದ್ದೀರಿ?"

"ಎಕ್ಸಿಟ್ ಬಿಟ್ಟುಹೋಯಿತು. ಆಮೇಲೆ ಇನ್ನೊಂದು ತೆಗೆದುಕೊಂಡೆ. ಈಗ ಎರಡು ಕಡೆಯೂ ಮರಳು. ದೊಡ್ಡ ಹಸಿರು ಬೋರ್ಡ್ ಬಂತು. ಅಲ್ ಅಹ್ಸಾ ಅಂತ ಬರೆದಿದೆ."

ಖುರೈಸ್ ರಸ್ತೆ ಹಿಡಿದುಬಿಟ್ಟಿದ್ದಾರೆ ಎಂದು ಕ್ಯಾರೊಲಿನ್‌ಗೆ ತಿಳಿಯಿತು. ಊರು ಬಿಟ್ಟು ಪೂರ್ವಕ್ಕೆ, ಮರುಭೂಮಿ ದಾಟಿ ಹೋಗುವ ರಸ್ತೆ. "ಮುಂದಿನ ಯೂ ಟರ್ನ್ ಸಿಕ್ಕಿದಲ್ಲಿ ತಿರುಗಿಸಿ, ಖಾಲಾ."

"ಅಲ್ ಅಹ್ಸಾ ನನ್ನ ಊರು" ಎಂದರು ಅವರು. ಫೋನ್ ಕಡಿದುಹೋಯಿತು. ಮತ್ತೆ ಮಾಡಿದರೆ ಸಿಗಲಿಲ್ಲ.

ಮಧ್ಯಾಹ್ನದ ನಂತರ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಮದೀನಾದಿಂದ ಮುಸ್‌ಅಬ್. ಅಲ್ಲಿ ಯಾವುದೋ ಹೋಟೆಲಿನಲ್ಲಿ ಮ್ಯಾನೇಜರ್, ಒಳ್ಳೆಯ ಇಂಗ್ಲಿಷ್.

"ನನ್ನ ತಾಯಿಯನ್ನು ನೀವು ಕರೆದುಕೊಂಡು ಹೋಗಿದ್ದೀರಂತೆ. ಶರೀಫ್ ಹೇಳಿ ನಿಮ್ಮ ನಂಬರ್ ಕೊಟ್ಟ. ಅವರೆಲ್ಲಿ?"

"ಸರ್, ಅವರೇ ತಮ್ಮ ಗಾಡಿಯಲ್ಲಿ ನನ್ನ ಜೊತೆ ಆಸ್ಪತ್ರೆಗೆ ಬಂದರು. ವಾಪಸು ಹೋಗುವಾಗ ದಾರಿ ತಪ್ಪಿದ್ದಾರೆ. ಖುರೈಸ್ ರಸ್ತೆಯಲ್ಲಿದ್ದರು."

"ಒಬ್ಬರೇ?"

"ಒಬ್ಬರೇ."

"ಅವರಿಗೇನಾದರೂ ಆದರೆ ಯಾರು ಹೊಣೆ ಎಂದು ಗೊತ್ತಿದೆಯೇ ನಿಮಗೆ?"

"ಗಾಡಿ ಅವರದು, ಲೈಸೆನ್ಸ್ ಅವರದು, ಸರ್. ನಾನು ಬೇಡವೆಂದೇ ಹೇಳಿದೆ." ಈ ಮನುಷ್ಯ ಪೊಲೀಸರಿಗೆ ದೂರು ಕೊಟ್ಟರೆ ಈ ದೇಶದಲ್ಲಿ ಇರಲು ಕೊಟ್ಟ ಇಕಾಮಾ ಚೀಟಿಯ ಗತಿಯೇನು, ಕೆಲಸದ ಗತಿಯೇನು ಎಂಬ ಯೋಚನೆ ಆಗಲೇ ಶುರುವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಮರಳಿನ ನಡುವೆ ಒಂದು ಸಣ್ಣ ಕೆಂಪು ಕಾರು ಟಯರ್ ಒಡೆದು ನಿಂತಿರುವ ಚಿತ್ರ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ.

ನೆಲ್ಸನ್‌ಗೆ ಫೋನ್ ಮಾಡಿದಳು. ಅವನು ಬೈದ. "ಊರವರ ಉಸಾಬರಿ ನಿನಗೆ ಯಾಕೆ? ಕೆಲಸಕ್ಕೆ ಹೋದೆಯಾ, ಬಂದೆಯಾ, ಅಷ್ಟೇ." ಸ್ವಲ್ಪ ಹೊತ್ತು ಬಿಟ್ಟು ಅವನೇ ಮತ್ತೆ ಮಾಡಿ, "ಆ ಹೆಂಗಸಿನ ಸುದ್ದಿ ಏನಾದರೂ ಬಂತಾ?" ಎಂದು ಕೇಳಿದ.

ಸುದ್ದಿ ಬಂದದ್ದು ಸಂಜೆ, ಅವಳು ಮನೆಗೆ ಬಂದು ನಸೀಬಾಳ ಅಡುಗೆಮನೆಯಲ್ಲಿ ಕೂತಿದ್ದಾಗ. ವಾಟ್ಸಾಪಿನಲ್ಲಿ ದನಿ ಸಂದೇಶ. ಹಿಂದೆ ಒಂದಷ್ಟು ಹೆಂಗಸರು ಒಟ್ಟಿಗೆ ಮಾತಾಡುವ, ನಗುವ ಗಲಾಟೆ. ಅದರ ಮೇಲೆ ಉಮ್ಮ್ ಮುಸ್‌ಅಬ್ ದನಿ. ನಸೀಬಾ ಎರಡು ಸಲ ಹಾಕಿಸಿ ಕೇಳಿದಳು. ಮಾರ್ಕೆಟ್ಟು, ಮಕ್ಕಳ ಮದ್ರಸ ಎಂದು ಓಡಾಡಿ ಅವಳ ಅರಬಿ ಕ್ಯಾರೊಲಿನ್‌ಳದಕ್ಕಿಂತ ಗಟ್ಟಿ.

"ಅಲ್ ಅಹ್ಸಾದ ಹುಫೂಫ್‌ನಲ್ಲಿ ತಂಗಿಯ ಮನೆಗೆ ಮುಟ್ಟಿದ್ದಾರಂತೆ. ತಂಗಿ ಬಾಗಿಲು ತೆಗೆದವಳು, ಡ್ರೈವರ್ ಎಲ್ಲಿ ಅಂತ ಕೇಳಿದಳಂತೆ."

"ಅಷ್ಟು ದೂರ ಹೇಗೆ ಓಡಿಸಿದರು? ಗೇಟಿನಲ್ಲಿ ನನ್ನೆದುರೇ ಗಾಡಿ ನಿಂತುಹೋಗಿತ್ತಲ್ಲ."

"ಅದನ್ನು ಹೇಳ್ಲಿಲ್ಲ" ಎಂದಳು ನಸೀಬಾ. ಈಗ ಅವಳಿಗೂ ಕುತೂಹಲ ಹತ್ತಿತ್ತು.

ವಾರದ ಕೊನೆಗೆ ಮುಸ್‌ಅಬ್ ಮತ್ತೆ ಫೋನ್ ಮಾಡಿದ. ಈ ಸಲ ದನಿ ತಗ್ಗಿತ್ತು. "ಅವತ್ತು ನಾನು ಹಾಗೆ ಮಾತಾಡಬಾರದಿತ್ತು. ಹೆದರಿದ್ದೆ. ತಾಯಿಯನ್ನು ಕರೆತರಲು ಡ್ರೈವರ್ ಕಳಿಸುತ್ತೇನೆ ಎಂದರೆ ಒಪ್ಪುವುದಿಲ್ಲ. ನನ್ನ ಗಾಡಿ ನಾನೇ ತರುತ್ತೇನೆ ಎನ್ನುತ್ತಾರೆ. ಒಬ್ಬರೇ ಬರಲು ನಾನು ಬಿಡುವುದಿಲ್ಲ. ಆ ಸಿಸ್ಟರ್ ಪಕ್ಕದಲ್ಲಿ ಕೂತರೆ ಆಯಿತು ಎಂದಿದ್ದಾರೆ. ನಿಮಗೆ ಆಗುತ್ತದೆಯೇ?"

ಯೋಚಿಸಿ ಹೇಳುತ್ತೇನೆ ಎಂದಳು. ಯೋಚಿಸುವುದೇನೂ ಉಳಿದಿರಲಿಲ್ಲ. ಇಷ್ಟು ಕಾಲ ಈ ದೇಶದಲ್ಲಿದ್ದೂ ಅವಳು ಏರ್‌ಪೋರ್ಟ್ ದಾರಿ ಬಿಟ್ಟರೆ ರಿಯಾದ್‌ನ ಹೊರಗೆ ಕಾಲಿಟ್ಟವಳಲ್ಲ. ಕಟ್ಟಡಗಳು ಮುಗಿದ ಮೇಲೆ ಏನಿದೆ ಎಂದು ಅವಳೂ ನೋಡಬೇಕಿತ್ತು.

ಶುಕ್ರವಾರ ಬೆಳಗ್ಗಿನ ರೈಲಿಗೆ ಕ್ಯಾರೊಲಿನ್ ಹೊರಟಳು. ನಸೀಬಾ ಗಂಡನ ಹತ್ತಿರ ಮಕ್ಕಳನ್ನು ಬಿಟ್ಟು ತಾನೂ ಬಂದಳು. "ನಿಮಗೆ ಭಾಷೆ ಬರುವುದಿಲ್ಲ, ಅವರಿಗೆ ದಾರಿ ಬರುವುದಿಲ್ಲ. ಒಬ್ಬರಾದರೂ ನೆಟ್ಟಗಿನವರು ಬೇಡವಾ ಮಾರಾಯ್ತಿ?" ಎಂದಳು. ಟಿಫಿನ್ ಡಬ್ಬಿಯಲ್ಲಿ ಅಕ್ಕಿರೊಟ್ಟಿಯಂಥ ಪತ್ತಿರ್, ಕೋಳಿಸುಕ್ಕ ತುಂಬಿಸಿಕೊಂಡಿದ್ದಳು. ರೈಲಿನ ಕಿಟಕಿಯಾಚೆ ಮರಳು ಮೊದಲು ಕಂದು, ಆಮೇಲೆ ಕೆಂಪು, ಆಮೇಲೆ ಬಿಳಿ. ಎಷ್ಟೋ ಹೊತ್ತಿನ ಬಳಿಕ ಒಮ್ಮೆಲೇ ಖರ್ಜೂರದ ತೋಟಗಳ ಹಸಿರು.

ತಂಗಿಯ ಮನೆಯ ಹೆಂಗಸರ ಕೋಣೆಯಲ್ಲಿ ಕ್ಯಾರೊಲಿನ್ ಉಮ್ಮ್ ಮುಸ್‌ಅಬ್ ಮುಖವನ್ನು ಮೊದಲ ಸಲ ನೋಡಿದಳು. ಗುಂಡು ಮುಖ, ಗಲ್ಲದಲ್ಲಿ ಹಸಿರು ಹಚ್ಚೆಯ ಮೂರು ಚುಕ್ಕಿ, ಮುಂದಿನ ಹಲ್ಲಿನ ನಡುವೆ ಸಂದು. ಫೋನಿನಲ್ಲಿ ನಕ್ಕಾಗ ಅವಳು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮುಖವೇ ಬೇರೆ; ಅದು ತೆಳ್ಳಗೆ ಉದ್ದಕ್ಕಿತ್ತು. ಎದುರಿಗಿದ್ದ ಮುಖಕ್ಕೆ ಆ ನಗು ಹೆಚ್ಚು ಒಪ್ಪುತ್ತಿತ್ತು.

ಹೊಸ ಖರ್ಜೂರ, ಏಲಕ್ಕಿ ಹಾಕಿದ ಕಾಫಿ ಕೊಟ್ಟು, ಉಪಚಾರ ಮುಗಿಸಿ, ಉಮ್ಮ್ ಮುಸ್‌ಅಬ್ ಅವರನ್ನು ಹಿತ್ತಲಿನ ತೋಟಕ್ಕೆ ಕರೆದೊಯ್ದರು. ಸಾಲು ಮರಗಳ ನಡುವೆ ಗಾಡಿಯ ಅಗಲದ ಮಣ್ಣಿನ ದಾರಿ.

"ಇಲ್ಲಿ ಅಪ್ಪನ ಪಿಕಪ್ ಓಡಿಸುತ್ತಿದ್ದೆ" ಎಂದರು. ನಸೀಬಾ ಕನ್ನಡಕ್ಕೆ ತಿರುಗಿಸಿ ಹೇಳುತ್ತ ಹೋದಳು. "ಕೊಯ್ಲಿನ ಹೊತ್ತಿಗೆ ಕೈ ಸಾಲುತ್ತಿರಲಿಲ್ಲ. ಅಣ್ಣಂದಿರು ಮರದ ಮೇಲೆ, ನಾನು ಸ್ಟೇರಿಂಗಿನಲ್ಲಿ. ತೋಟದಿಂದ ಒಣಗಿಸುವ ಕಣದವರೆಗೆ, ಒಮ್ಮೊಮ್ಮೆ ಮರಳಿನಾಚೆ ಚಿಕ್ಕಪ್ಪನ ಒಂಟೆ ಹಟ್ಟಿಯವರೆಗೂ. ಮನೆಯ ಜಾಗದಲ್ಲಿ ಯಾರು ಕೇಳುತ್ತಾರೆ? ಮದುವೆಯಾಗಿ ರಿಯಾದ್‌ಗೆ ಹೋದೆ. ಅಲ್ಲಿಂದ ಹಿಂದಿನ ಸೀಟು."

"ಮಗನಿಗೆ ಇದು ಗೊತ್ತಿಲ್ಲವಾ?" ಎಂದು ಕ್ಯಾರೊಲಿನ್ ಕೇಳಿದಳು.

"ಅವನು ಕೇಳಲಿಲ್ಲ. ನಾನು ಹೇಳಲಿಲ್ಲ. ನನಗೆ ಹೆದರಿಕೆ ದೊಡ್ಡ ಊರಿನದು. ಗೋಡೆ, ತಿರುವು, ಮೂರು ಸಾಲು ಗಾಡಿ. ನೇರ ರಸ್ತೆಗೆ ಎಂತ ಹೆದರಿಕೆ?"

ಬಿಸಿಲು ಇಳಿಯತೊಡಗಿದಾಗ ಹೊರಟರು. ಉಮ್ಮ್ ಮುಸ್‌ಅಬ್ ಸ್ಟೇರಿಂಗಿನಲ್ಲಿ, ಕ್ಯಾರೊಲಿನ್ ಪಕ್ಕದಲ್ಲಿ, ನಸೀಬಾ ಹಿಂದೆ ಖರ್ಜೂರದ ಡಬ್ಬಿಗಳ ನಡುವೆ. ಹುಫೂಫ್‌ನ ವೃತ್ತಗಳನ್ನು ದಾಟುವವರೆಗೆ ಅವರು ಹಣೆ ಗಂಟಿಕ್ಕಿ ಎಡವುತ್ತಲೇ ಓಡಿಸಿದರು. ಹೆದ್ದಾರಿಗೆ ಬಿದ್ದ ಮೇಲೆ ಅದೇ ಹೆಂಗಸೇ ಎಂದು ಅನುಮಾನ ಬರಬೇಕು. ಬೆನ್ನು ಒರಗಿತು, ಕೈ ಹಗುರವಾಯಿತು. ಸಾಲು ಲಾರಿಗಳನ್ನು ದಾಟುವಾಗ ಗಾಳಿ ಗಾಡಿಯನ್ನು ಒಂದು ಬದಿಗೆ ನೂಕುತ್ತದೆ. ಅವರು ಅದಕ್ಕೆ ಮೊದಲೇ ಸ್ಟೇರಿಂಗನ್ನು ಸ್ವಲ್ಪ ತಿರುಗಿಸಿ ಕಾಯುತ್ತಿದ್ದರು. ಕ್ಯಾರೊಲಿನ್ ಮಾತ್ರ ಬಾಗಿಲ ಹಿಡಿಯನ್ನು ಬಿಡಲಿಲ್ಲ. ಊರಿನ ಗಲಿಬಿಲಿಯಲ್ಲಿ ದಿನವೂ ಓಡಿಸುವವಳಿಗೆ ಈ ವೇಗ ಹೊಸತು.

ಹಿಂದಿನಿಂದ ಒಂದು ದೊಡ್ಡ ಗಾಡಿ ಲೈಟ್ ಮಿನುಗಿಸುತ್ತ ಅಂಟಿಕೊಂಡು ಬಂತು.

"ಖಾಲಾ, ಬದಿಗೆ ಬಿಡಿ, ಬದಿಗೆ ಬಿಡಿ."

"ಪಕ್ಕದಲ್ಲಿ ಲಾರಿ ಇದೆ, ಎಲ್ಲಿಗೆ ಬಿಡಲಿ? ಅವನು ಕಾಯಲಿ." ಲಾರಿ ದಾಟಿದ ಮೇಲೆ ನಿಧಾನವಾಗಿ ಬದಿಗೆ ಬಂದರು. ಆ ಗಾಡಿ ಬಾಣದ ಹಾಗೆ ಹೋಯಿತು. "ಮುಂದೆ ಕ್ಯಾಮೆರಾ ಅವನನ್ನು ನೋಡಿಕೊಳ್ಳುತ್ತದೆ" ಎಂದರು.

ಬೇಲಿಯಾಚೆ ಒಂಟೆಗಳ ಹಿಂಡು ಸಾಗುತ್ತಿತ್ತು. ಹಿಂದಿನಿಂದ ನಸೀಬಾ, ಬೇಲಿ ಯಾಕೆ ಎಂದು ಕೇಳಿದಳು. ಒಂಟೆ ರಸ್ತೆಗೆ ಬಂದರೆ ಅದರ ಕಾಲು ಮಾತ್ರ ಬಂಪರಿಗೆ ತಾಗುತ್ತದೆ, ಮೈಯೆಲ್ಲ ಗಾಜಿನ ಮೇಲೆ ಬೀಳುತ್ತದೆ ಎಂದು ಉಮ್ಮ್ ಮುಸ್‌ಅಬ್ ವಿವರಿಸಿದರು. ನಸೀಬಾ ಆಮೇಲೆ ಬಹಳ ಹೊತ್ತು ಬೇಲಿಯನ್ನೇ ಗಮನಿಸುತ್ತಿದ್ದಳು, ಎಲ್ಲಾದರೂ ತುಂಡಾಗಿದೆಯೋ ಎಂದು.

ನಡುದಾರಿಯ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರು. ಉಮ್ಮ್ ಮುಸ್‌ಅಬ್, ನಸೀಬಾ ನಮಾಜಿಗೆ ಹೋದರು. ಕ್ಯಾರೊಲಿನ್ ಮೂರು ಲೋಟ ಚಹಾ ತಂದು ಬಾನೆಟ್ ಮೇಲಿಟ್ಟು ಸುತ್ತ ನೋಡಿದಳು. ಒಂದು ಟಯರ್ ಅಂಗಡಿ, ಒಂದು ಸಣ್ಣ ಮಸೀದಿ, ಆಮೇಲೆ ಎಲ್ಲಿಯವರೆಗೆ ಕಣ್ಣು ಹೋದರೂ ಏನೂ ಇಲ್ಲ. ನೆಲ್ಸನ್‌ಗೆ ಒಂದು ಫೋಟೊ ಕಳಿಸಿದಳು. ಅವನು ತಿರುಗಿ ಬರೆದ: ಇದರಲ್ಲಿ ನೋಡಲಿಕ್ಕೆ ಎಂತ ಉಂಟು? ಅವಳು ಇನ್ನೊಂದು ಫೋಟೊ ತೆಗೆದಳು. ಪತ್ತಿರ್ ತಿಂದು ಮತ್ತೆ ಹೊರಟರು.

ರಿಯಾದ್‌ನ ದೀಪಗಳು ಕಾಣಿಸಿದ್ದೇ ಉಮ್ಮ್ ಮುಸ್‌ಅಬ್ ಬಲಕ್ಕೆ ತೆಗೆದು ಗಾಡಿ ನಿಲ್ಲಿಸಿದರು. "ಯಲ್ಲಾ, ನಡಿ ಸಿಸ್ಟರ್, ಇಲ್ಲಿಂದ ನಿನ್ನದು." ಇಬ್ಬರೂ ಸೀಟು ಬದಲಿಸಿದರು. ಕ್ಯಾರೊಲಿನ್ ಕೈಗೆ ಸ್ಟೇರಿಂಗ್ ಬಂದ ಮೇಲೆಯೇ ಅವಳಿಗೆ ಸರಿಯಾಗಿ ಉಸಿರಾಟ ಬಂದದ್ದು. ಪಕ್ಕದಲ್ಲಿ ಕೂತವರು ಈಗ ಬಾಗಿಲ ಹಿಡಿಯನ್ನು ಹಿಡಿದುಕೊಂಡರು.

ಆಮೇಲಿನ ತಿಂಗಳುಗಳಲ್ಲಿ ಶುಕ್ರವಾರ ಬೆಳಿಗ್ಗೆ ಬೀದಿಗಳು ಖಾಲಿಯಿರುವಾಗ ಕ್ಯಾರೊಲಿನ್ ಅವರಿಗೆ ತಿರುವು, ವೃತ್ತ, ಹಿಂದಕ್ಕೆ ತೆಗೆಯುವುದು ಎಲ್ಲವನ್ನೂ ಹೇಳಿಕೊಟ್ಟಳು. ಸೀಟಿನ ಪ್ಲಾಸ್ಟಿಕ್ಕನ್ನು ನಸೀಬಾ ಕತ್ತರಿಯಿಂದ ಕತ್ತರಿಸಿ ತೆಗೆದಳು. ಉಮ್ಮ್ ಮುಸ್‌ಅಬ್ ಮೊದಲು ತರಕಾರಿ ಅಂಗಡಿಗೆ, ಬಳಿಕ ಕ್ಲಿನಿಕ್ಕಿಗೆ ಒಬ್ಬರೇ ಹೋಗಿ ಬಂದರು. ಶರೀಫ್‌ಗೆ ಬೆಳಗಿನ ಸುತ್ತಾಟ ತಪ್ಪಿ ಬೇಜಾರಾಯಿತು. ಕ್ಯಾರೊಲಿನ್ ಹೊಸ ಬ್ಯಾಟರಿ ಹಾಕಿಸಿಕೊಂಡಳು. ಅವಳ ಗಾಡಿ ವಾರ್ಷಿಕ ತಪಾಸಣೆಯಲ್ಲಿ ಒಂದು ಸಲ ಬ್ರೇಕಿಗೆ, ಇನ್ನೊಂದು ಸಲ ಹೊಗೆಗೆ ಫೇಲಾಯಿತು. ಎರಡು ಸಲವೂ ಸಾಲಿನಲ್ಲಿ ಅವಳ ಜೊತೆ ಕಾದು ಕೂತವರು ಉಮ್ಮ್ ಮುಸ್‌ಅಬ್. ಒಳಗೆ ಗಾಡಿಯನ್ನು ಮೇಲೆತ್ತಿ ಏನು ನೋಡುತ್ತಾರೆ ಎಂದು ತಿಳಿಯುವ ಆಸೆ ಅವರಿಗೆ.

ಚಳಿಗಾಲದಲ್ಲಿ ಮುಸ್‌ಅಬ್ ಮದೀನಾದಿಂದ ಬಂದ. ಎತ್ತರದ, ಮಾತು ಕಡಿಮೆಯ ಮನುಷ್ಯ. ಬೀದಿಯಲ್ಲಿ ಕ್ಯಾರೊಲಿನ್‌ಳನ್ನು ಕಂಡು ನಿಂತು ವಂದಿಸಿದ.

"ನಿಜ ಹೇಳಿ. ನನ್ನ ತಾಯಿ ಹೇಗೆ ಓಡಿಸುತ್ತಾರೆ?"

"ಹೆದ್ದಾರಿಯಲ್ಲಿ ನನಗಿಂತ ಚೆನ್ನಾಗಿ. ಪಾರ್ಕಿಂಗ್ ಇನ್ನೂ ಸರಿ ಬರುವುದಿಲ್ಲ."

"ತೋಟದ ಪಿಕಪ್ಪಿನ ಕತೆ ನಿಜವೇ?"

"ಅವರನ್ನೇ ಕೇಳಿ, ಸರ್. ದಾರಿ ತೋರಿಸಿ ಹೇಳುತ್ತಾರೆ."

ಅಷ್ಟರಲ್ಲಿ ಉಮ್ಮ್ ಮುಸ್‌ಅಬ್ ಇಳಿದು ಬಂದರು. ಮಗ ಅಭ್ಯಾಸಬಲದಿಂದ ಹಿಂದಿನ ಬಾಗಿಲನ್ನು ತೆರೆದು ಹಿಡಿದ. ಅವರು ಅದನ್ನು ನೋಡಿ, ಮುಂದೆ ಹೋಗಿ ಸ್ಟೇರಿಂಗ್ ಹಿಂದೆ ಕೂತು, ಕನ್ನಡಿ ಸರಿಮಾಡಿಕೊಂಡರು. ಮುಸ್‌ಅಬ್ ತೆರೆದ ಬಾಗಿಲನ್ನು ಮುಚ್ಚಿ ಪಕ್ಕದ ಸೀಟಿಗೆ ಹೋದ. ಉದ್ದ ಕಾಲುಗಳಿಗೆ ಜಾಗ ಸಾಲದೆ ಸೀಟನ್ನು ಹಿಂದಕ್ಕೆ ತಳ್ಳುತ್ತ, "ಎಲ್ಲಿಗೆ ಅಮ್ಮ?" ಎಂದು ಕೇಳಿದ.

"ಮೊದಲು ಬೆಲ್ಟ್ ಹಾಕಿಕೋ" ಎಂದರು ಅವರು.

ಬೀದಿಯ ತಿರುವಿನಲ್ಲಿ ಕೆಂಪು ಕಾರು ಒಮ್ಮೆ ನಿಂತಿತು, ಗೋಡೆಗೆ ಅಂತರ ಬಿಟ್ಟು ತಿರುಗಿತು. ಕ್ಯಾರೊಲಿನ್‌ಗೆ ಅವರು ಯಾವ ಕಡೆ ಹೋಗುತ್ತಾರೆ ಎಂದು ತಿರುವಿನವರೆಗೆ ಹೋಗಿ ನೋಡುವ ಮನಸ್ಸಾಯಿತು. ಒಲೆಯ ಮೇಲೆ ಕುಚಲಕ್ಕಿ ಗಂಜಿ ಕುದಿಯಲು ಇಟ್ಟು ಬಂದಿದ್ದಳು. ಆದರೂ ಹೋಗಿ ನೋಡಿದಳು.